ಹೆದರುವ ನಾಯಿಮರಿಯನ್ನು ಮನೆಗೆ ತಂದವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೀದಿಯಿಂದಲೋ ಆಶ್ರಯಧಾಮದಿಂದಲೋ ಮರಿಯನ್ನು ತಂದು, ಅದು ತಮ್ಮನ್ನು ಕಂಡರೆ ಓಡುವುದನ್ನು ನೋಡಿ ಸಂಕಟಪಟ್ಟವರು ಮಾತಿನಲ್ಲಿ, ಫೋನಿನಲ್ಲಿ, ಪತ್ರಗಳಲ್ಲಿ ನನ್ನನ್ನು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಅವರ ಮಾತಿನಲ್ಲಿಯೇ ಇಟ್ಟಿದ್ದೇನೆ. ದಿಕ್ಕಿಲ್ಲದ ಮರಿಗಳನ್ನು ಮನೆ ಸಿಗುವವರೆಗೆ ಇಟ್ಟುಕೊಂಡು ಸಾಕುವ ಕೆಲಸದಲ್ಲಿ ಕಂಡದ್ದನ್ನೂ, ಪಶುವೈದ್ಯರಿಂದ ಕಲಿತದ್ದನ್ನೂ ಸೇರಿಸಿ ಉತ್ತರಿಸಿದ್ದೇನೆ.

## ಮನೆಗೆ ತರುವ ಮೊದಲು

ನಮ್ಮ ಬೀದಿಯಲ್ಲೇ ಮರಿ ಹಾಕಿದೆ. ಒಂದನ್ನು ಎತ್ತಿಕೊಂಡು ಬರೋಣ ಅಂತಿದ್ದೀವಿ. ಎಷ್ಟು ದಿನದ ಮರಿ ಆಗಿರಬೇಕು?

ತಾಯಿ ಬದುಕಿದ್ದು ಹಾಲೂಡುತ್ತಿದ್ದರೆ ಎಂಟು ವಾರ ತುಂಬುವವರೆಗೆ ಮರಿಯನ್ನು ಅಲ್ಲಿಂದ ಬಿಡಿಸಬಾರದು. ಕಚ್ಚುವಾಗ ಎಷ್ಟು ಒತ್ತಬೇಕು, ಇನ್ನೊಂದು ನಾಯಿ ಗುರುಗುಟ್ಟಿದರೆ ಹೇಗೆ ಹಿಂದೆ ಸರಿಯಬೇಕು ಎಂಬುದನ್ನೆಲ್ಲ ಮರಿ ಒಡಹುಟ್ಟಿದವುಗಳ ಜೊತೆ ಉರುಳಾಡುತ್ತಲೇ ಕಲಿಯುತ್ತದೆ. ಆ ಪಾಠವನ್ನು ಮನುಷ್ಯರು ಅಷ್ಟು ಚೆನ್ನಾಗಿ ಕಲಿಸಲಾರರು. ಆದರೆ ಎಂಟು ವಾರದವರೆಗೆ ಸುಮ್ಮನೆ ಕಾಯಬೇಕಾಗಿಲ್ಲ. ದಿನಕ್ಕೆ ಎರಡು ಸಲ ಹೋಗಿ, ತಾಯಿಗೆ ಊಟ ಹಾಕಿ, ಹತ್ತು ನಿಮಿಷ ನೆಲದ ಮೇಲೆ ಕುಳಿತು ಬನ್ನಿ. ತಾಯಿ ನಿಮ್ಮೆದುರು ನೆಮ್ಮದಿಯಿಂದ ತಿನ್ನುವುದನ್ನು ಕಂಡ ಮರಿಗೆ ನಿಮ್ಮ ವಾಸನೆ ಮುಂದೆ ಹೊಸದಾಗಿರುವುದಿಲ್ಲ.

ನಮ್ಮ ನಾಟಿ ನಾಯಿಗಳಲ್ಲಿ ಹೆಚ್ಚಿನವು ಮಳೆಗಾಲ ಮುಗಿಯುತ್ತ ಕಾರ್ತಿಕ ಬರುವ ಹೊತ್ತಿಗೆ ಬೆದೆಗೆ ಬರುತ್ತವೆ. ಗರ್ಭದ ಅವಧಿ ಸುಮಾರು 63 ದಿನವಾದ್ದರಿಂದ ಮರಿಗಳು ಕಣ್ಣು ಬಿಡುವುದು ಬಹುಪಾಲು ಚಳಿಗಾಲದಲ್ಲಿ. ತಾಯಿ ಸತ್ತಿರುವ ಮರಿಯಾದರೆ ಮಾತ್ರ ವಯಸ್ಸಿನ ಲೆಕ್ಕ ನೋಡದೆ ಅಂದೇ ತಂದು, ಬೆಚ್ಚಗಿಟ್ಟು, ವೈದ್ಯರಿಗೆ ತೋರಿಸಬೇಕು. ತಾಯಿ ಇದ್ದರೆ ಅದಕ್ಕೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವ ಜವಾಬ್ದಾರಿಯನ್ನೂ ವಹಿಸಿಕೊಳ್ಳಿ ಎಂದು ನಾನು ಎಲ್ಲರನ್ನೂ ಬೇಡಿಕೊಳ್ಳುತ್ತೇನೆ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ಶಸ್ತ್ರಚಿಕಿತ್ಸೆ ಮತ್ತು ರೇಬೀಸ್ ಲಸಿಕೆಯ ನಂತರ ಅದನ್ನು ಹಿಡಿದ ಜಾಗದಲ್ಲಿಯೇ ಬಿಡುತ್ತಾರೆ.

ಅಪಾರ್ಟ್‌ಮೆಂಟ್ ಸಂಘದವರು ನಾಯಿ ಸಾಕಬಾರದು ಅಂತಾರೆ. ಅವರಿಗೆ ಆ ಅಧಿಕಾರ ಇದೆಯಾ?

ಇಲ್ಲ. ಸಾಕುಪ್ರಾಣಿಗಳನ್ನು ಪೂರ್ತಿಯಾಗಿ ನಿಷೇಧಿಸುವ ಅಧಿಕಾರ ನಿವಾಸಿಗಳ ಸಂಘಕ್ಕಿಲ್ಲವೆಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಸ್ಪಷ್ಟಪಡಿಸಿದೆ. ಬಾಡಿಗೆ ಮನೆಯ ವಿಷಯ ಬೇರೆ. ಮಾಲೀಕರ ಒಪ್ಪಿಗೆಯನ್ನು ಮೊದಲೇ, ಸಾಧ್ಯವಾದರೆ ಕರಾರುಪತ್ರದಲ್ಲಿಯೇ ಬರೆಸಿಕೊಳ್ಳಿ. ಹೆದರುವ ಮರಿಗೆ ಆರು ತಿಂಗಳೊಳಗೆ ಮನೆ ಬದಲಾಯಿಸುವ ಸ್ಥಿತಿ ಬರಬಾರದು.

## ಮೊದಲ ಕೆಲವು ದಿನಗಳು

ಮೂಲೆಯಲ್ಲಿ ಮುದುಡಿಕೊಂಡೇ ಇರುತ್ತೆ. ಇದು ಹೆದರಿಕೆಯೋ, ಕಾಯಿಲೆಯೋ?

ಮೊದಲು ಕಾಯಿಲೆಯಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಹೆದರಿದ ಮರಿ ಮೈಯನ್ನು ನೆಲಕ್ಕೆ ಒತ್ತಿ, ಬಾಲವನ್ನು ಕಾಲಸಂದಿಗೆ ಸೇರಿಸಿ, ಕಿವಿ ಹಿಂದಕ್ಕೆ ಮಡಚಿ ಕೂರುತ್ತದೆ; ನಿದ್ದೆ ಬಾರದಿದ್ದರೂ ಆಕಳಿಸುತ್ತದೆ, ತಿನ್ನಲು ಏನೂ ಇಲ್ಲದಿದ್ದರೂ ತುಟಿ ನೆಕ್ಕಿಕೊಳ್ಳುತ್ತದೆ, ಮುಖ ತಿರುಗಿಸಿಕೊಂಡು ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುತ್ತದೆ. ಆದರೆ ಮನೆಯವರೆಲ್ಲ ಮಲಗಿದ ಮೇಲೆ ಅದೇ ಮರಿ ಹೊರಬಂದು ಊಟ ಮಾಡಿ, ಉಚ್ಚೆ ಹೊಯ್ದು, ಒಂದು ಚಪ್ಪಲಿಯನ್ನಾದರೂ ಎಳೆದಾಡಿರುತ್ತದೆ. ಬೆಳಿಗ್ಗೆ ಎದ್ದಾಗ ಅಂಥ ಯಾವ ಗುರುತೂ ಕಾಣದಿದ್ದರೆ ಅದನ್ನು ಕಾಯಿಲೆ ಎಂದೇ ತಿಳಿಯಿರಿ.

ವಾಂತಿ, ರಕ್ತ ಬೆರೆತ ದುರ್ವಾಸನೆಯ ಭೇದಿ ಕಂಡರೆ ಪಾರ್ವೊ ಎಂಬ ವೈರಸ್ ರೋಗ ಇರಬಹುದು, ಅದರಲ್ಲಿ ಗಂಟೆಗಳ ತಡವೂ ಜೀವಕ್ಕೆ ಎರವಾಗುತ್ತದೆ. ಒಸಡು ಬಿಳಿಚಿಕೊಂಡು ಜ್ವರವಿದ್ದರೆ ಉಣ್ಣೆ ಹುಳುವಿನಿಂದ ಹರಡುವ ಜ್ವರದ ಪರೀಕ್ಷೆ ಆಗಬೇಕು. ಹೊಟ್ಟೆ ಮಾತ್ರ ಉಬ್ಬಿ ಬೆನ್ನೆಲುಬು ಕಾಣುತ್ತಿದ್ದರೆ ಜಂತುಹುಳುವಿನ ಸಾಧ್ಯತೆ ಹೆಚ್ಚು. ಆರೋಗ್ಯವಾಗಿ ಕಾಣುವ ಮರಿಯನ್ನೂ ತಂದ ಒಂದೆರಡು ದಿನಗಳಲ್ಲಿ ವೈದ್ಯರಿಗೆ ತೋರಿಸಿ.

ಮೂರು ದಿನ ಆಯ್ತು, ಮಂಚದ ಕೆಳಗಿಂದ ಈಚೆಗೇ ಬರ್ತಿಲ್ಲ. ಎಳೆದು ತೆಗೆಯಲಾ?

ದಯವಿಟ್ಟು ಎಳೆಯಬೇಡಿ. ಆ ಮಂಚದ ಕೆಳಗು ಸದ್ಯಕ್ಕೆ ಅದಕ್ಕೆ ಈ ಲೋಕದಲ್ಲಿರುವ ಒಂದೇ ಸುರಕ್ಷಿತ ಜಾಗ. ಅಲ್ಲಿಗೂ ಒಂದು ಕೈ ಬಂದು ಎಳೆಯುತ್ತದೆ ಎಂದು ಗೊತ್ತಾದರೆ ಅದು ಇನ್ನೂ ಒಳಗೆ ಸರಿಯುತ್ತದೆ, ಸರಿಯಲು ಜಾಗ ಸಾಲದಿದ್ದರೆ ಕಚ್ಚುತ್ತದೆ. ಇಡೀ ಮನೆಯನ್ನು ಒಟ್ಟಿಗೆ ತೋರಿಸುವ ಬದಲು ಓಡಾಟ ಕಡಿಮೆಯಿರುವ ಒಂದು ಕೋಣೆಯನ್ನು ಕೊಡಿ. ರಟ್ಟಿನ ಪೆಟ್ಟಿಗೆಯನ್ನು ಪಕ್ಕಕ್ಕೆ ಮಲಗಿಸಿ, ಒಳಗೆ ಹಳೆಯ ಸೀರೆಯನ್ನೋ ನೀವು ಉಟ್ಟು ಬಿಟ್ಟ ಬಟ್ಟೆಯನ್ನೋ ಹಾಸಿ. ನೀರು ಅದರ ಬಳಿಯಲ್ಲಿರಲಿ, ಮಲಮೂತ್ರಕ್ಕೆ ಹಾಸಿದ ಪತ್ರಿಕೆ ದೂರದಲ್ಲಿರಲಿ.

ಉಳಿದಂತೆ ನೀವು ಮಾಡಬೇಕಾದ ಕೆಲಸವೆಂದರೆ ಆ ಕೋಣೆಯಲ್ಲಿ ನೆಲದ ಮೇಲೆ ಕುಳಿತು, ಮರಿಗೆ ಪಕ್ಕೆ ತೋರಿಸಿ, ಅದರತ್ತ ನೋಡದೆ ಪುಸ್ತಕ ಓದುವುದೋ ಅವರೆಕಾಯಿ ಬಿಡಿಸುವುದೋ ಅಷ್ಟೆ. ನನ್ನ ಮನೆಗೆ ಬಂದ ಗುಬ್ಬಿ ಎಂಬ ಹೆಣ್ಣುಮರಿ ಬಟ್ಟೆ ಒಗೆಯುವ ಯಂತ್ರದ ಹಿಂದೆ ಐದು ದಿನ ಇತ್ತು. ಆರನೆಯ ದಿನ ಸಂಜೆ ನಾನು ಅಕ್ಕಿ ಆರಿಸುತ್ತಿದ್ದಾಗ ಹಿಂದಿನಿಂದ ಬಂದು ನನ್ನ ಸೆರಗಿನ ತುದಿಯನ್ನು ಮೂಸಿ ಮತ್ತೆ ಓಡಿತು. ನಾನು ತಿರುಗಿ ನೋಡಲಿಲ್ಲ. ಆ ದಿನ ತಿರುಗಿದ್ದಿದ್ದರೆ ಮತ್ತೆ ಮೂರು ದಿನ ಹಿಂದಕ್ಕೆ ಹೋಗುತ್ತಿದ್ದೆವು ಎಂದು ಈಗಲೂ ಅನ್ನಿಸುತ್ತದೆ. ಹೊಸ ಮನೆಯಲ್ಲಿ ನಾಯಿಗೆ ಉಸಿರು ತಿರುಗಲು ಮೂರು ದಿನ, ದಿನಚರಿ ತಿಳಿಯಲು ಮೂರು ವಾರ, ಇದು ನನ್ನ ಮನೆ ಎನ್ನಿಸಲು ಮೂರು ತಿಂಗಳು ಎಂದು ಆಶ್ರಯಧಾಮಗಳವರು ಹೇಳುವುದುಂಟು. ಅದು ಅಂದಾಜಿನ ಮಾತು. ತೀರ ಹೆದರಿದ ಮರಿಗೆ ಇದರ ದುಪ್ಪಟ್ಟು ಸಮಯ ಹಿಡಿದರೂ ಗಾಬರಿಯಾಗಬೇಕಿಲ್ಲ.

ರಾತ್ರಿಯೆಲ್ಲ ಕುಂಯ್‌ಗುಡುತ್ತೆ. ಹತ್ತಿರ ಹೋದ್ರೆ ಅಭ್ಯಾಸ ಕೆಡುತ್ತಂತೆ?

ನಿನ್ನೆ ಮೊನ್ನೆಯವರೆಗೆ ಒಡಹುಟ್ಟಿದವುಗಳ ಮೈಶಾಖದಲ್ಲಿ ಮಲಗಿದ್ದ ಮರಿ ಒಂಟಿಯಾದಾಗ ಕೂಗುವುದು ಹಟವಲ್ಲ. ಮೊದಲ ಕೆಲವು ರಾತ್ರಿ ಅದರ ಪೆಟ್ಟಿಗೆಯನ್ನು ನಿಮ್ಮ ಹಾಸಿಗೆಯ ಬಳಿಯಲ್ಲಿಡಿ, ಅಥವಾ ನೀವೇ ಆ ಕೋಣೆಯಲ್ಲಿ ಚಾಪೆ ಹಾಸಿ ಮಲಗಿ. ಕತ್ತಲೆಯಲ್ಲಿ ನಿಮ್ಮ ಉಸಿರಾಟ ಕೇಳಿಸಿದರೆ ಬಹಳಷ್ಟು ಮರಿಗಳು ತಾವಾಗಿಯೇ ಮಲಗುತ್ತವೆ. ಮುಂದೆ ಪೆಟ್ಟಿಗೆಯನ್ನು ದಿನಕ್ಕೊಂದು ಅಡಿಯಂತೆ ದೂರ ಸರಿಸಬಹುದು.

ನಾವು ಮುಂದೆ ನಿಂತ್ರೆ ತಿನ್ನೋದೇ ಇಲ್ಲ. ಏನು ಹಾಕಲಿ, ಹೇಗೆ ಹಾಕಲಿ?

ತಟ್ಟೆಯಿಟ್ಟು ಕೋಣೆಯಿಂದ ಹೊರಗೆ ಬನ್ನಿ. ಎರಡು ದಿನದ ನಂತರ ಬಾಗಿಲ ಬಳಿ ಕುಳಿತುಕೊಳ್ಳಿ, ಅದು ನೆಮ್ಮದಿಯಿಂದ ತಿಂದರೆ ಮರುದಿನ ಒಂದು ಹೆಜ್ಜೆ ಹತ್ತಿರ ಕುಳಿತುಕೊಳ್ಳಿ. ತಿನ್ನುವುದನ್ನು ನಿಲ್ಲಿಸಿ ನಿಮ್ಮನ್ನು ದಿಟ್ಟಿಸಿದರೆ ನೀವು ಅಗತ್ಯಕ್ಕಿಂತ ಹತ್ತಿರ ಬಂದಿದ್ದೀರಿ.

ನಾಲ್ಕು ತಿಂಗಳವರೆಗೆ ದಿನಕ್ಕೆ ಮೂರು ನಾಲ್ಕು ಸಲ ಸ್ವಲ್ಪ ಸ್ವಲ್ಪ ಹಾಕಬೇಕು. ಬರೀ ಹಾಲು ಅನ್ನ, ಮೊಸರನ್ನ ಹಾಕಿ ಬೆಳೆಸಿದ ಮರಿಗಳಿಗೆ ಸುಣ್ಣದಂಶ ಸಾಲದೆ ಮೂಳೆ ಮೆತ್ತಗಾಗುವುದನ್ನು ನೋಡಿದ್ದೇನೆ. ಆದ್ದರಿಂದ ಮರಿಗಳಿಗೆಂದೇ ತಯಾರಿಸಿದ ಆಹಾರವನ್ನು ಮುಖ್ಯವಾಗಿಟ್ಟುಕೊಂಡು ಬೇಯಿಸಿದ ಮೊಟ್ಟೆ, ಮೂಳೆಯಿಲ್ಲದ ಕೋಳಿ, ಸ್ವಲ್ಪ ಅನ್ನ ಅಥವಾ ರಾಗಿ ಗಂಜಿ ಸೇರಿಸಬಹುದು. ಹಸುವಿನ ಹಾಲು ಅನೇಕ ಮರಿಗಳಿಗೆ ಭೇದಿ ತರಿಸುತ್ತದೆ. ಈರುಳ್ಳಿ ಬೆಳ್ಳುಳ್ಳಿ ಇರುವ ಸಾರು, ದ್ರಾಕ್ಷಿ ಬಿದ್ದ ಪಾಯಸ, ಚಾಕೊಲೇಟ್, ಬೇಯಿಸಿದ ಮೂಳೆ ಇವು ಬೇಡವೇ ಬೇಡ. ಹಬ್ಬದ ದಿನ ಪ್ರೀತಿಯಿಂದ ಒಂದು ಸೌಟು ಪಾಯಸ ಹಾಕುವ ಹಿರಿಯರಿಗೆ ಒಣದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನೇ ಕೆಡಿಸಬಲ್ಲದೆಂದು ಮೊದಲೇ ತಿಳಿಸಿ ಹೇಳಿ. ಮನುಷ್ಯರ ಜ್ವರದ ಮಾತ್ರೆಯನ್ನೂ ಕೊಡಬಾರದು.

## ಮುಟ್ಟುವುದು, ಮಾತಾಡಿಸುವುದು

ಯಾವಾಗ ಮುಟ್ಟಬಹುದು? ಕೈ ಚಾಚಿದ್ರೆ ಹಿಂದೆ ಹೋಗುತ್ತೆ.

ಹಿಂದೆ ಹೋಗುವುದೇ ಅದರ ಉತ್ತರ. ಆ ಉತ್ತರಕ್ಕೆ ಬೆಲೆ ಸಿಗುತ್ತದೆ ಎಂದು ಮರಿಗೆ ಮನವರಿಕೆಯಾದ ದಿನದಿಂದ ಅದು ಹತ್ತಿರ ಬರತೊಡಗುತ್ತದೆ. ಇಷ್ಟು ವರ್ಷಗಳಲ್ಲಿ ನಾನು ಕಲಿತ ಪಾಠಗಳಲ್ಲಿ ಇದೇ ದೊಡ್ಡದು, ಹೊಸಬರಿಗೆ ನಂಬಲು ಕಷ್ಟವಾಗುವುದೂ ಇದೇ.

ಮೇಲಿನಿಂದ ತಲೆಯ ಮೇಲೆ ಇಳಿಯುವ ಕೈ ಎಲ್ಲ ಮರಿಗಳಿಗೂ ಬೆದರಿಕೆಯಂತೆ ಕಾಣುತ್ತದೆ. ಬೀದಿಯಲ್ಲಿ ಬೆಳೆದದ್ದಕ್ಕೆ ಅದರ ಜೊತೆಗೆ ಇನ್ನೊಂದು ನೆನಪೂ ಇರುತ್ತದೆ: ಮನುಷ್ಯ ಸೊಂಟ ಬಗ್ಗಿಸಿದನೆಂದರೆ ಕಲ್ಲು ಎತ್ತಿಕೊಳ್ಳುತ್ತಿದ್ದಾನೆ ಎಂದರ್ಥ. ನೀವು ಬಿದ್ದ ಬೀಗದ ಕೈ ಎತ್ತಿಕೊಳ್ಳಲು ಬಗ್ಗಿದರೂ ಮರಿ ಓಡುವುದು ಇದರಿಂದಲೇ. ಕಡ್ಡಿಪೊರಕೆ, ಕೊಡೆ, ಊರುಗೋಲುಗಳ ವಿಷಯದಲ್ಲಿಯೂ ಇದೇ ಮಾತು. ಆದ್ದರಿಂದ ಕುಳಿತುಕೊಂಡೇ ಇರಿ, ಕೈಯನ್ನು ಮೊಣಕಾಲ ಪಕ್ಕದಲ್ಲಿ ಅಂಗೈ ಮೇಲಾಗಿ ನೆಲಕ್ಕಿಟ್ಟು ಸುಮ್ಮನಿರಿ. ಮೊದಲು ತಿನಿಸಿನ ಚೂರುಗಳನ್ನು ಮರಿಯ ಹಿಂದಕ್ಕೆ ಬೀಳುವಂತೆ ಎಸೆಯಿರಿ. ತಿನ್ನಲು ದೂರ ಹೋಗಿ, ಇನ್ನೊಂದು ಬೇಕೆಂದು ತಾನಾಗಿ ನಿಮ್ಮತ್ತ ಮರಳುತ್ತದೆ. ತಿನಿಸಿನ ಆಸೆ ತೋರಿಸಿ ಹತ್ತಿರ ಕರೆಯುವುದಕ್ಕಿಂತ ಇದು ಎಷ್ಟೋ ಮೇಲು, ಏಕೆಂದರೆ ಆಸೆಯಿಂದ ಹತ್ತಿರ ಬಂದ ಮರಿ ತಿಂದು ಮುಗಿದ ಕ್ಷಣದಲ್ಲಿ ತಾನು ಎಲ್ಲಿದ್ದೇನೆಂದು ನೋಡಿ ಬೆಚ್ಚಿಬೀಳುತ್ತದೆ.

ಕೈಯನ್ನು ಮೂಸಿ, ಮೈ ಸಡಿಲಬಿಟ್ಟು ಅಲ್ಲಿಯೇ ನಿಂತರೆ ಗದ್ದದ ಕೆಳಗೆ ಅಥವಾ ಎದೆಯ ಬಳಿ ಮೂರು ಕ್ಷಣ ಸವರಿ, ಕೈ ಹಿಂದಕ್ಕೆ ತೆಗೆದುಕೊಳ್ಳಿ. ಮೂತಿ ಮುಂದೆ ಚಾಚಿ ಮತ್ತೆ ಕೇಳಿದರೆ ಇನ್ನೊಮ್ಮೆ ಸವರಿ. ಸುಮ್ಮನೆ ನಿಂತರೂ, ಮುಖ ತಿರುಗಿಸಿದರೂ ಆ ದಿನಕ್ಕೆ ಸಾಕು. ಗುಬ್ಬಿಯ ಎದೆ ಸವರಲು ನನಗೆ ಹತ್ತೊಂಬತ್ತು ದಿನ ಹಿಡಿಯಿತು.

ಹೆದರಿದಾಗ ಸಮಾಧಾನ ಮಾಡಿದ್ರೆ ಹೆದರಿಕೆ ಜಾಸ್ತಿ ಆಗುತ್ತೆ ಅಂತಾರೆ. ನಿಜವಾ?

ನಿಜವಲ್ಲ. ಹೆದರಿಕೆ ಒಂದು ಭಾವ, ಲಾಭಕ್ಕಾಗಿ ಮಾಡುವ ವರ್ತನೆಯಲ್ಲ. ಬಹುಮಾನದಿಂದ ವರ್ತನೆ ಬೆಳೆಯುತ್ತದೆಯೇ ಹೊರತು ಹೆದರಿಕೆ ಬೆಳೆಯುವುದಿಲ್ಲ. ಕುಕ್ಕರ್ ಕೂಗಿದಾಗ ಮರಿ ನಿಮ್ಮ ಕಾಲಬಳಿ ಓಡಿಬಂದರೆ ಅದಕ್ಕೆ ಆಸರೆ ಕೊಡಿ, ಮೆಲುದನಿಯಲ್ಲಿ ಮಾತಾಡಿ. ನೀವೇ ಗಾಬರಿಯಾಗಿ ಎತ್ತಿಕೊಂಡು ಗದ್ದಲ ಮಾಡದಿದ್ದರೆ ಸಾಕು.

ನನ್ನ ಹತ್ತಿರ ಬರುತ್ತೆ, ನಮ್ಮ ಯಜಮಾನ್ರನ್ನ ಕಂಡ್ರೆ ಓಡಿಹೋಗುತ್ತೆ. ಅವರಿಗೂ ಬೇಜಾರು.

ಇದು ಬಹಳ ಮನೆಗಳಲ್ಲಿ ನಡೆಯುತ್ತದೆ. ದಪ್ಪ ದನಿ, ಎತ್ತರದ ಆಳು, ಬೂಟು, ಹೆಲ್ಮೆಟ್ ಇವುಗಳೆಲ್ಲ ಸೇರಿ ಗಂಡಸರನ್ನು ಮರಿಗೆ ಅಪರಿಚಿತವಾಗಿಸುತ್ತವೆ. ಅವರು ಹೆಲ್ಮೆಟ್ಟನ್ನು ಹೊರಗೆ ತೆಗೆದಿಟ್ಟು ಒಳಗೆ ಬರಲಿ. ದಿನದ ಎರಡು ಊಟವನ್ನು ಅವರೇ ಹಾಕಲಿ, ಅದೂ ಮಾತಿಲ್ಲದೆ. ಅತಿ ರುಚಿಯಾದ ತಿನಿಸು, ಉದಾಹರಣೆಗೆ ಬೇಯಿಸಿದ ಈಲಿ (ಲಿವರ್) ಅಥವಾ ಪನೀರ್, ಅವರ ಕೈಯಿಂದ ಮಾತ್ರ ಬರಲಿ. ನೀವು ಮರಿಯನ್ನು ಎತ್ತಿಕೊಂಡು ಹೋಗಿ ಅವರ ಮಡಿಲಿಗೆ ಹಾಕಬೇಡಿ; ಹಾಗೆ ಮಾಡಿದರೆ ಅವರ ಮೇಲೆ ನಂಬಿಕೆ ಹುಟ್ಟುವ ಬದಲು ನಿಮ್ಮ ಮೇಲಿದ್ದದ್ದೂ ಕಡಿಮೆಯಾಗುತ್ತದೆ.

ಹೆದರಿ ಮಗನ ಕೈ ಕಚ್ಚಿಬಿಟ್ಟಿತು. ಸಣ್ಣ ಗೀರು ಅಷ್ಟೆ. ಮರಿ ಕಚ್ಚಿದ್ದಕ್ಕೂ ಇಂಜೆಕ್ಷನ್ ಬೇಕಾ?

ಬೇಕು. ಮರಿಗಳಿಗೂ ರೇಬೀಸ್ ಬರುತ್ತದೆ, ಅದು ಬಂದ ಮೇಲೆ ಮನುಷ್ಯರಿಗೆ ಚಿಕಿತ್ಸೆಯೆಂಬುದೇ ಇಲ್ಲ. ಹರಿಯುವ ನೀರಿನಲ್ಲಿ ಸೋಪು ಹಾಕಿ ಗಾಯವನ್ನು 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಕಾಫಿಪುಡಿ ಏನನ್ನೂ ಹಚ್ಚದೆ ಅದೇ ದಿನ ಆಸ್ಪತ್ರೆಗೆ ಹೋಗಿ. ಚುಚ್ಚುಮದ್ದಿನ ಸರಣಿಯಲ್ಲಿ ಒಂದನ್ನೂ ತಪ್ಪಿಸಬಾರದು. ರಕ್ತ ಬಂದಿದ್ದರೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್, ಅಂದರೆ ರೇಬೀಸ್ ವಿರುದ್ಧದ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು ಕೂಡ ಕೊಡಬೇಕಾಗುತ್ತದೆ. ಮರಿಯನ್ನು ಹತ್ತು ದಿನ ಗಮನಿಸಬೇಕು, ಆದರೆ ಅದರ ಫಲಿತಾಂಶಕ್ಕೆ ಕಾದು ಚುಚ್ಚುಮದ್ದನ್ನು ಮುಂದೂಡಬಾರದು.

ಮರಿಯನ್ನು ಹೊಡೆಯಬೇಡಿ, ಗುರುಗುಟ್ಟಿದ್ದಕ್ಕೂ ಗದರಬೇಡಿ. ಗುರುಗುಟ್ಟುವುದು ಕಚ್ಚುವ ಮೊದಲು ಅದು ಕೊಡುವ ಎಚ್ಚರಿಕೆ. ಗದರಿಸಿ ಅದನ್ನು ಬಿಡಿಸಿದರೆ ಮುಂದಿನ ಸಲ ಎಚ್ಚರಿಕೆಯಿಲ್ಲದೆಯೇ ಕಚ್ಚುತ್ತದೆ. ಮಕ್ಕಳಿರುವ ಮನೆಯಲ್ಲಿ ಮರಿ ಮಲಗಿದ್ದಾಗ, ತಿನ್ನುವಾಗ, ಪೆಟ್ಟಿಗೆಯೊಳಗಿದ್ದಾಗ ಯಾರೂ ಅದನ್ನು ಮುಟ್ಟಬಾರದು ಎಂಬ ನಿಯಮವಿರಲಿ, ಹತ್ತಿರದಲ್ಲಿ ಯಾವಾಗಲೂ ದೊಡ್ಡವರೊಬ್ಬರು ಇರಲಿ.

## ಮನೆಯಿಂದ ಹೊರಗೆ

ಲಸಿಕೆ ಮುಗಿಯೋವರೆಗೆ ಹೊರಗೆ ಬಿಡಬೇಡಿ ಅಂತ ಒಬ್ಬರು, ಬೇಗ ಹೊರಗೆ ತೋರಿಸಿ ಅಂತ ಇನ್ನೊಬ್ಬರು. ಯಾರ ಮಾತು ಕೇಳಲಿ?

ಇಬ್ಬರದೂ ಸರಿ. ಸುಮಾರು ಮೂರನೆಯ ವಾರದಿಂದ ಹನ್ನೆರಡು ಹದಿನಾಲ್ಕನೆಯ ವಾರದವರೆಗೆ ಮರಿಯ ಮನಸ್ಸು ಹೊಸದನ್ನು ಸುಲಭವಾಗಿ ಒಪ್ಪಿಕೊಳ್ಳುತ್ತದೆ. ಫ್ರೀಡ್‌ಮನ್, ಕಿಂಗ್ ಮತ್ತು ಎಲಿಯಟ್ ಎಂಬ ಸಂಶೋಧಕರು 1961ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹದಿನಾಲ್ಕು ವಾರದವರೆಗೆ ಮನುಷ್ಯರ ಒಡನಾಟವೇ ಇಲ್ಲದೆ ಬೇಲಿಯೊಳಗೆ ಬೆಳೆದ ಮರಿಗಳು ಕಾಡುಪ್ರಾಣಿಗಳಂತೆ ವರ್ತಿಸಿದವು. ಇತ್ತ ಡಿಸ್ಟೆಂಪರ್, ಪಾರ್ವೊ ಎಂಬ ವೈರಸ್ ರೋಗಗಳ ಲಸಿಕೆ ಆರರಿಂದ ಎಂಟು ವಾರಕ್ಕೆ ಶುರುವಾಗಿ, ಮೂರು ನಾಲ್ಕು ವಾರಕ್ಕೊಮ್ಮೆ ಮುಂದುವರಿದು, ಮುಗಿಯುವುದು ಹದಿನಾರು ವಾರದ ಹೊತ್ತಿಗೆ. ರೇಬೀಸ್ ಲಸಿಕೆ ಮೂರು ತಿಂಗಳಿಗೆ. ಅಂದರೆ ಲಸಿಕೆ ಮುಗಿಯುವಷ್ಟರಲ್ಲಿ ಹೊಸದನ್ನು ಒಪ್ಪಿಕೊಳ್ಳುವ ಆ ಬಾಗಿಲು ಹೆಚ್ಚುಕಡಿಮೆ ಮುಚ್ಚಿರುತ್ತದೆ.

ಹೀಗಾಗಿ ಮರಿಯ ಕಾಲು ಬೀದಿಯ ನೆಲಕ್ಕೆ ತಾಗದಂತೆ ಲೋಕವನ್ನು ತೋರಿಸಬೇಕು. ಬಟ್ಟೆಯ ಜೋಳಿಗೆಯಲ್ಲಿ ಕೂರಿಸಿಕೊಂಡು ಜಗುಲಿಯ ಮೇಲೋ ಮಹಡಿಯ ಮೇಲೋ ಕುಳಿತು ಹಾಲಿನವರನ್ನು, ಆಟೋವನ್ನು, ಶಾಲೆಯ ಮಕ್ಕಳನ್ನು ದೂರದಿಂದ ತೋರಿಸಿ. ಲಸಿಕೆಯಾದ, ಸೌಮ್ಯ ಸ್ವಭಾವದ ನಾಯಿಯಿರುವ ಪರಿಚಯದವರ ಮನೆಗೆ ಕರೆದುಕೊಂಡು ಹೋಗಬಹುದು. ಧೈರ್ಯದ ನಾಯಿಯೊಂದನ್ನು ನೋಡಿ ಮರಿ ಕಲಿಯುವಷ್ಟನ್ನು ನಾವು ತಿಂಗಳುಗಟ್ಟಲೆ ಕಲಿಸಲಾರೆವು. ಹೆದರುವ ಮರಿಯನ್ನು ಸಂತೆಗೋ ಜಾತ್ರೆಗೋ ಒಯ್ದು ಅಭ್ಯಾಸವಾಗಲಿ ಎನ್ನುವುದು ಮಾತ್ರ ದೊಡ್ಡ ತಪ್ಪು.

ಬೆಲ್ಟ್ ಹಾಕಿದ್ರೆ ನೆಲಕ್ಕೆ ಅಂಟಿಕೊಂಡು ಕೂತುಬಿಡುತ್ತೆ. ಎಳೀಬೇಕಾ?

ಎಳೆಯಬಾರದು. ಒಂದು ವಾರ ಮನೆಯೊಳಗೆ ಊಟದ ಹೊತ್ತಿನಲ್ಲಿ ಮಾತ್ರ ಹಾಕಿ ತೆಗೆಯಿರಿ. ಹೊರಗೆ ಹೊರಟಾಗ ಕುತ್ತಿಗೆಯ ಬೆಲ್ಟಿಗೊಂದು ಮತ್ತು ಎದೆಯ ಹಾರ್ನೆಸ್ಸಿಗೊಂದು, ಹೀಗೆ ಎರಡು ಹಗ್ಗ ಕಟ್ಟಿ, ಏಕೆಂದರೆ ಹೆದರಿದ ಮರಿ ಹಿಂದಕ್ಕೆ ಸರಿದು ಕ್ಷಣದಲ್ಲಿ ಕೊರಳು ಜಾರಿಸಿಕೊಳ್ಳುತ್ತದೆ.

ತಪ್ಪಿಸಿಕೊಂಡು ಓಡಿಹೋಗಿದೆ, ಕರೆದ್ರೂ ಬರ್ತಿಲ್ಲ. ಈಗೇನು ಮಾಡೋದು?

ಅಟ್ಟಿಸಿಕೊಂಡು ಹೋಗಬೇಡಿ, ಹತ್ತು ಜನ ಸೇರಿ ಹೆಸರು ಕೂಗಬೇಡಿ. ಗಾಬರಿಯಲ್ಲಿರುವ ಮರಿ ಮನೆಯವರನ್ನೂ ಗುರುತಿಸದೆ ಇನ್ನೂ ದೂರ ಹೋಗುತ್ತದೆ. ಅದು ಕಾಣುತ್ತಿದ್ದರೆ ಪಕ್ಕೆ ತೋರಿಸಿ ನೆಲದ ಮೇಲೆ ಕುಳಿತು, ತಿನಿಸು ಚೆಲ್ಲಿ, ಕಾಯಿರಿ. ಕಾಣದಿದ್ದರೆ ತಪ್ಪಿಸಿಕೊಂಡ ಜಾಗದಲ್ಲಿ ಅದರ ಹಾಸಿಗೆಯ ಬಟ್ಟೆ ಮತ್ತು ಊಟ ಇಡಿ. ಸದ್ದಡಗಿದ ಮೇಲೆ, ರಾತ್ರಿ ಹನ್ನೊಂದರಿಂದ ಬೆಳಗಿನ ಐದರ ನಡುವೆ, ಮರಿಗಳು ಹೆಚ್ಚಾಗಿ ಅಲ್ಲಿಗೇ ಮರಳುತ್ತವೆ. ಪೌರಕಾರ್ಮಿಕರಿಗೆ, ಹಾಲು ಪೇಪರ್ ಹಾಕುವವರಿಗೆ ಹೇಳಿಡಿ, ಬೀದಿಯನ್ನು ಅವರಷ್ಟು ನೋಡುವವರು ಬೇರೆ ಯಾರೂ ಇಲ್ಲ.

## ಕಷ್ಟದ ಪ್ರಶ್ನೆಗಳು

ಏನು ಮಾಡಿದ್ರೂ ಸುಮ್ಮನೆ ಇರುತ್ತೆ. ಸ್ನಾನ, ಉಗುರು, ಎಲ್ಲಕ್ಕೂ ಬಿಡುತ್ತೆ. ಬಹಳ ಸಾಧು ಮರಿ ಅಲ್ವಾ?

ಈ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ಆತಂಕವಾಗುತ್ತದೆ. ಸಾಧು ಮರಿಯ ಮೈ ಸಡಿಲವಾಗಿರುತ್ತದೆ, ಅದು ಅತ್ತಿತ್ತ ನೋಡುತ್ತದೆ, ತಿನಿಸು ತೆಗೆದುಕೊಳ್ಳುತ್ತದೆ. ಕೈಚೆಲ್ಲಿದ ಮರಿ ಮರಗಟ್ಟಿದಂತೆ ನಿಂತು, ಕಣ್ಣು ಒಂದೆಡೆ ನೆಟ್ಟು, ಎದುರಿಗಿರುವ ಕೋಳಿಯ ಚೂರನ್ನೂ ಮುಟ್ಟುವುದಿಲ್ಲ. ತಪ್ಪಿಸಿಕೊಳ್ಳುವ ದಾರಿಯಿಲ್ಲದೆ ನೋವುಂಡ ನಾಯಿಗಳು ದಾರಿ ತೆರೆದಾಗಲೂ ಪ್ರಯತ್ನಿಸದೆ ಕುಳಿತುಬಿಡುತ್ತವೆ ಎಂಬುದನ್ನು ಸೆಲಿಗ್‌ಮನ್ ಮತ್ತು ಮೇಯರ್ ಎಂಬ ಮನೋವಿಜ್ಞಾನಿಗಳು 1967ರಲ್ಲಿಯೇ ತೋರಿಸಿದ್ದರು. ಇಂಥ ಮರಿಗೆ ಸ್ನಾನ, ಉಗುರು ಇವೆಲ್ಲವನ್ನೂ ಕೆಲವು ವಾರ ನಿಲ್ಲಿಸಿ, ಪ್ರತಿದಿನ ಸಣ್ಣ ಸಣ್ಣ ಆಯ್ಕೆಗಳನ್ನು ಕೊಡಿ: ಎರಡು ಹಾಸಿಗೆ, ಎರಡು ತಟ್ಟೆ, ತೆರೆದಿಟ್ಟ ಬಾಗಿಲು. ಮೊದಲ ಸಲ ಅದು ಬೇಡವೆಂದು ಎದ್ದು ಹೋದ ದಿನ ಸಂತೋಷಪಡಿ.

ದೀಪಾವಳಿಗೆ ಏನು ಸಿದ್ಧತೆ ಮಾಡಿಕೊಳ್ಳಲಿ?

ಗಣೇಶನ ಹಬ್ಬದ ತಮಟೆಯಿಂದಲೇ ಪರೀಕ್ಷೆ ಶುರುವಾಗುತ್ತದೆ, ಆದ್ದರಿಂದ ಎರಡು ತಿಂಗಳು ಮೊದಲೇ ತೊಡಗಿ. ಪಟಾಕಿಯ ಧ್ವನಿಮುದ್ರಣವನ್ನು ಕಿವಿಗೆ ಬಿದ್ದೂ ಬೀಳದಷ್ಟು ಮೆಲ್ಲಗೆ ಹಾಕಿ, ಸದ್ದಿನ ಹಿಂದೆಯೇ ರುಚಿಯಾದ ತಿನಿಸು ಕೊಡಿ. ಕಿವಿ ನಿಮಿರದ ಮಟ್ಟದಲ್ಲಿ ಕೆಲವು ದಿನ ಕಳೆದ ಮೇಲೆ ಸ್ವಲ್ಪವೇ ಹೆಚ್ಚಿಸಿ. ಪಟಾಕಿಗೆ ರಾತ್ರಿ 8ರಿಂದ 10 ಎಂಬ ಮಿತಿಯನ್ನು ಸುಪ್ರೀಂ ಕೋರ್ಟ್ 2018ರಲ್ಲಿ ವಿಧಿಸಿತ್ತು, ಆದರೆ ಅದನ್ನು ನೆಚ್ಚದೆ ಕತ್ತಲಾಗುವ ಮೊದಲೇ ವಾಯುವಿಹಾರ, ಊಟ ಮುಗಿಸಿ. ಕಿಟಕಿ ಮುಚ್ಚಿದ ಒಳಕೋಣೆಯಲ್ಲಿ ಫ್ಯಾನು ಹಾಕಿ ಜೊತೆಗಿರಿ. ತೀರ ನಡುಗುವ ಮರಿಗೆ ಆತಂಕ ತಗ್ಗಿಸುವ ಔಷಧವನ್ನು ವೈದ್ಯರು ಬರೆದುಕೊಡುತ್ತಾರೆ. ಅದನ್ನು ಹಬ್ಬಕ್ಕೆ ಮುಂಚೆ ಒಂದು ದಿನ ಕೊಟ್ಟು ನೋಡಿರಬೇಕು.

ಚೆನ್ನಾಗಿ ಹೊಂದಿಕೊಂಡಿತ್ತು, ಎಂಟು ತಿಂಗಳಿಗೆ ಮತ್ತೆ ಹೆದರೋಕೆ ಶುರುಮಾಡಿದೆ. ನಾವೇನು ತಪ್ಪು ಮಾಡಿದ್ವಿ?

ಬಹುಶಃ ಏನೂ ಇಲ್ಲ. ಆರರಿಂದ ಹದಿನಾಲ್ಕು ತಿಂಗಳ ನಡುವೆ, ಪ್ರಾಯಕ್ಕೆ ಬರುವಾಗ, ಹೆದರಿಕೆ ಮರಳುವುದು ಸಾಮಾನ್ಯ. ನಿನ್ನೆಯವರೆಗೆ ದಾಟಿ ಹೋಗುತ್ತಿದ್ದ ಕಸದ ಡಬ್ಬಿಯನ್ನು ಕಂಡು ಇಂದು ಬೊಗಳಬಹುದು. ದೂರವನ್ನು ಹೆಚ್ಚಿಸಿ ಹಳೆಯ ಪಾಠಗಳನ್ನೇ ಮತ್ತೆ ಮಾಡಿ. ಈ ಸಲ ಬೇಗ ಸಾಗುತ್ತದೆ. ಬದಲಾವಣೆ ತೀರ ಹಠಾತ್ತಾಗಿದ್ದರೆ ಕಿವಿ, ಹಲ್ಲು, ಕೀಲುಗಳಲ್ಲಿ ನೋವಿದೆಯೇ ಎಂದು ಪರೀಕ್ಷಿಸಿ.

ಆರು ತಿಂಗಳಾಯ್ತು, ಇನ್ನೂ ನಂಬಿಲ್ಲ. ತಂದ ಬೀದಿಗೇ ಬಿಟ್ಟುಬಿಡೋದು ಒಳ್ಳೇದಾ?

ಬೇಡ. ಆ ಬೀದಿಯ ನಾಯಿಗಳು ಅದನ್ನು ಈಗ ಹೊರಗಿನದೆಂದೇ ಎಣಿಸುತ್ತವೆ, ವಾಹನ ತಪ್ಪಿಸುವುದೂ ಊಟ ಹುಡುಕುವುದೂ ಅದಕ್ಕೆ ತಿಳಿದಿರುವುದಿಲ್ಲ. ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಗೆ ಗುರಿಯಾಗುವಂತೆ ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ದತ್ತು ಪಡೆದ ಬೀದಿನಾಯಿ ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳುವ ಹೊಣೆ ಪಡೆದವರದೆಂದು ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರ ಆದೇಶದಲ್ಲಿ ಹೇಳಿದೆ.

ಬಿಡುವ ಯೋಚನೆಗೆ ಮೊದಲು ಒಂದು ತಿಂಗಳು ದಿನಚರಿ ಬರೆಯಿರಿ: ಎಷ್ಟು ದೂರದಲ್ಲಿ ತಿಂದಿತು, ಯಾವಾಗ ಬೆನ್ನು ತೋರಿಸಿ ಮಲಗಿತು, ಬಾಲ ಎಷ್ಟು ಹೊತ್ತು ಮೇಲಿತ್ತು. ಜೊತೆಗಿರುವವರ ಕಣ್ಣಿಗೆ ಬೀಳದ ಬದಲಾವಣೆ ಹಾಳೆಯ ಮೇಲೆ ಕಾಣುತ್ತದೆ. ನಿಜಕ್ಕೂ ಬದಲಾಗದಿದ್ದರೆ ವರ್ತನೆಯ ವಿಷಯದಲ್ಲಿ ಅನುಭವವಿರುವ ಪಶುವೈದ್ಯರನ್ನು ಕಾಣಿ. ದೀರ್ಘಕಾಲದ ಆತಂಕಕ್ಕೆ ಔಷಧವಿದೆ, ಅದು ಕೆಲಸ ಮಾಡಲು ನಾಲ್ಕರಿಂದ ಎಂಟು ವಾರ ಬೇಕು. ಮನೆಯ ಪರಿಸ್ಥಿತಿಯಿಂದ ಇಟ್ಟುಕೊಳ್ಳಲು ಸಾಧ್ಯವೇ ಇಲ್ಲವೆಂದಾದರೆ ಮರಿ ಕೊಟ್ಟ ಆಶ್ರಯಧಾಮಕ್ಕೆ ತಿಳಿಸಿ, ಶಾಂತವಾದ, ಇನ್ನೊಂದು ಧೈರ್ಯದ ನಾಯಿಯಿರುವ ಮನೆಯನ್ನು ಹುಡುಕುವವರೆಗೆ ನಿಮ್ಮಲ್ಲಿಯೇ ಇಟ್ಟುಕೊಳ್ಳಿ. ಹೊಸಬರ ಮನೆಗೆ ಕಳಿಸುವಾಗ ಆ ದಿನಚರಿಯನ್ನೂ, ಅದು ಮಲಗುತ್ತಿದ್ದ ಹಳೆಯ ಸೀರೆಯನ್ನು ಒಗೆಯದೆ ಹಾಗೆಯೇ ಮಡಚಿ, ಜೊತೆಗೆ ಕೊಡಿ.